ಭಾನುವಾರ ಸ್ಟಾರ್ಟ್ ಮಾಡಬೇಕಿದ್ದ ಹಸಿರು ಕಾರು

ಹೊರಡುವ ಮುಂಚೆ

ನನಗೆ ಒಪ್ಪಿಸಿದ್ದು ಒಂದೇ ಕೆಲಸ. ಪ್ರತಿ ಭಾನುವಾರ ಬೆಳಿಗ್ಗೆ ತಂಗಿಯ ಕಾರನ್ನು ಸ್ಟಾರ್ಟ್ ಮಾಡುವುದು, ಚಾಮುಂಡಿಬೆಟ್ಟದ ಬುಡದವರೆಗೆ ಓಡಿಸಿ ತಂದು ನಿಲ್ಲಿಸುವುದು. ಅದನ್ನು ನಾನು ಮಾಡಲಿಲ್ಲ. ಹತ್ತು ಹದಿನೈದು ಭಾನುವಾರ ಮಾಡಿದೆ, ಆಮೇಲೆ ಬಿಟ್ಟೆ. ಬಿಟ್ಟದ್ದು ಮಾತ್ರವಲ್ಲ, ಮಾಡುತ್ತಿದ್ದೇನೆ ಎಂದು ಎಂಟು ವರ್ಷ ಹೇಳಿಕೊಂಡು ಬಂದೆ.

ನಾನು ಓದಿದ್ದು ಏಳನೇ ಕ್ಲಾಸು, ಅದೂ ಪಾಸಾಗಲಿಲ್ಲ. ಮೈಸೂರಿನ ಬನ್ನಿಮಂಟಪದ ಹತ್ತಿರ ನನ್ನದೊಂದು ಸಣ್ಣ ಗ್ಯಾರೇಜಿದೆ. ತಂಗಿ ವನಜ ನರ್ಸು. ಅವಳು ಮೊದಲ ಬಾರಿಗೆ ಕೊಂಡ ಕಾರು ಅದು. ಅಮೆರಿಕದ ಒಂದು ದೊಡ್ಡ ಕಂಪನಿ ನಮ್ಮ ದೇಶದಲ್ಲೇ ತಯಾರಿಸುತ್ತಿದ್ದ ಪುಟ್ಟ ಕಾರು, ಎಲೆಹಸಿರು ಬಣ್ಣದ್ದು. ಅಮ್ಮನ ಕೊನೆಯ ಎರಡು ವರ್ಷ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಿದ್ದು ಅದರಲ್ಲೇ. ಅಮ್ಮ ಮುಂದಿನ ಸೀಟಿನಲ್ಲಿ ಕೂತು ಬಾಗಿಲ ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಕಾರು ಸಿಗ್ನಲ್ಲಿನಲ್ಲಿ ನಿಂತಿದ್ದರೂ ಬಿಡುತ್ತಿರಲಿಲ್ಲ. ಅಮ್ಮ ಹೋದ ಮೇಲೆ ವನಜ ಅಡಿಲೇಡ್‌ಗೆ ಹೊರಟಳು. ಕಾರು ಮಾರಲು ಅವಳಿಗೆ ಮನಸ್ಸಾಗಲಿಲ್ಲ. ಕೀಲಿಕೈ ನನ್ನ ಕೈಗಿಟ್ಟಳು.

ಸ್ವಲ್ಪ ಕಾಲಕ್ಕೆ ಆ ಕಂಪನಿ ನಮ್ಮಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು. ಶೋರೂಮುಗಳು ಒಂದೊಂದಾಗಿ ಬಾಗಿಲು ಹಾಕಿದವು. ಒಂದು ಸಾಮಾನು ಬೇಕೆಂದರೆ ವಾರಗಟ್ಟಲೆ ಕಾಯಬೇಕಾಯಿತು. ಗ್ಯಾರೇಜುಗಳಲ್ಲಿ ಒಂದು ರೂಢಿ ಇದೆ. ಗಿರಾಕಿಯ ಕಾರು ಯಾವುದೋ ಸಾಮಾನಿಗಾಗಿ ನಿಂತುಬಿಟ್ಟರೆ, ಸುಮ್ಮನೆ ನಿಂತಿರುವ ಇನ್ನೊಂದು ಕಾರಿನಿಂದ ಅದನ್ನು ಬಿಚ್ಚಿ ಹಾಕಿ ಕಳಿಸುತ್ತೇವೆ. ಹೊಸದು ಬಂದಾಗ ನಿಂತ ಕಾರಿಗೆ ಹಾಕುತ್ತೇವೆ. ಇದನ್ನು ಯಾರೂ ಕಳ್ಳತನ ಎನ್ನುವುದಿಲ್ಲ. ನಾನೂ ಹಾಗೆಯೇ ಶುರು ಮಾಡಿದೆ. ಮೊದಲು ಹೋದದ್ದು ಎಂಜಿನ್ನಿನಿಂದ ಬಿಸಿನೀರು ಹೊರಬೀಳುವ ಜಾಗದ ಪ್ಲಾಸ್ಟಿಕ್ ಮೂತಿ, ಅಂಗೈಯಷ್ಟು ದೊಡ್ಡದು. ಒಬ್ಬ ಮೇಷ್ಟ್ರು ಮಗಳ ಮದುವೆಗೆ ಅರಸೀಕೆರೆಗೆ ಹೋಗಬೇಕಿತ್ತು. ಮುಂದಿನ ವಾರ ಹೊಸದು ಹಾಕಿದರಾಯಿತು ಅಂದುಕೊಂಡೆ.

ಆ ಮೂತಿ ಇಲ್ಲದೆ ಎಂಜಿನ್ ಸ್ಟಾರ್ಟ್ ಮಾಡುವಂತಿಲ್ಲ. ಸ್ಟಾರ್ಟ್ ಆಗದ ಕಾರಿಗೆ ಬ್ಯಾಟರಿ ಯಾಕೆ? ಬ್ಯಾಟರಿ ಹೋಯಿತು. ಓಡದ ಕಾರಿಗೆ ಒಳ್ಳೆಯ ಟೈರು ಯಾಕೆ? ಅವೂ ಹೋದವು. ಹೆಡ್‌ಲೈಟು, ಕನ್ನಡಿ, ರೇಡಿಯೇಟರ್, ಕೊನೆಗೆ ಬಾಗಿಲುಗಳು. ಪ್ರತಿಯೊಂದಕ್ಕೂ ನನ್ನ ಹತ್ತಿರ ಒಳ್ಳೆಯ ಕಾರಣವಿತ್ತು. ಉಳಿದ ತಗಡನ್ನು ಗುಜರಿಯವನು ಎತ್ತಿಕೊಂಡು ಹೋಗುವ ಮುಂಚೆ ಅಮ್ಮ ಹಿಡಿಯುತ್ತಿದ್ದ ಆ ಹಿಡಿಯೊಂದನ್ನು ಬಿಚ್ಚಿಟ್ಟುಕೊಂಡೆ.

ವನಜ ಭಾನುವಾರ ಫೋನ್ ಮಾಡಿ ಕಾರು ಹೇಗಿದೆ ಎನ್ನುತ್ತಿದ್ದಳು. ಅದೇ ಮಾದರಿಯ, ಅದೇ ಹಸಿರು ಬಣ್ಣದ ಕಾರಿನ ಗಿರಾಕಿಯೊಬ್ಬರಿದ್ದರು. ಅವರದು ಸರ್ವಿಸ್‌ಗೆ ಬಂದಾಗಲೆಲ್ಲ ನಂಬರ್ ಪ್ಲೇಟು ಕಾಣದ ಹಾಗೆ ಒಂದು ವೀಡಿಯೊ ಮಾಡಿಟ್ಟುಕೊಳ್ಳುತ್ತಿದ್ದೆ. ಅದನ್ನು ಕಳಿಸಿದರೆ ಎಂಜಿನ್ ಸದ್ದು ಕೇಳಿ ಅವಳು ಖುಷಿಪಡುತ್ತಿದ್ದಳು.

ಹೋದ ಮೇಲೆ ಒಮ್ಮೆಯೂ ಊರಿಗೆ ಬಂದಿರದ ಅವಳು ಈ ವರ್ಷ ನನಗೆ ಟಿಕೆಟ್ ಕಳಿಸಿದಳು. ಮೂರು ವಾರ ಬಂದು ಇರು, ವಾಪಸ್ ಹೋಗುವಾಗ ನಿನ್ನ ಜೊತೆ ನಾನೂ ಬರುತ್ತೇನೆ, ತಿಂಗಳಿಡೀ ನನ್ನ ಕಾರಿನಲ್ಲೇ ಓಡಾಡುತ್ತೇನೆ ಅಂದಳು. ಅಂದರೆ ಆ ವಿಮಾನ ಹತ್ತುವುದರೊಳಗೆ ನಾನು ಹೇಳಲೇಬೇಕಿತ್ತು. ಮೊದಲು ಪರ್ತ್‌ನಲ್ಲಿ ಚಿಕ್ಕಪ್ಪನ ಮಗನನ್ನು, ಆಮೇಲೆ ಬ್ರಿಸ್ಬೇನ್‌ನಲ್ಲಿ ಭಾವಮೈದುನನನ್ನು ನೋಡಿಕೊಂಡು ಕೊನೆಗೆ ಅಡಿಲೇಡ್‌ಗೆ ಬರುತ್ತೇನೆ, ಇಲ್ಲದಿದ್ದರೆ ಅವರು ಬೇಜಾರು ಮಾಡಿಕೊಳ್ಳುತ್ತಾರೆ ಅಂದೆ. ಯಾರೂ ಬೇಜಾರು ಮಾಡಿಕೊಳ್ಳುವವರಿರಲಿಲ್ಲ.

ಪರ್ತ್

ಆ ಹಿಡಿಯನ್ನು ಗ್ಯಾರೇಜಿನಲ್ಲಿದ್ದ ಗೋಣಿಚೀಲದ ತುಂಡಿನಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿಟ್ಟಿದ್ದೆ. ಪರ್ತ್ ವಿಮಾನ ನಿಲ್ದಾಣದಲ್ಲಿ ಒಬ್ಬಳು ಅಧಿಕಾರಿ ಅದನ್ನು ಹೊರತೆಗೆದಳು. ಈ ದೇಶದವರಿಗೆ ಹೊರಗಿನ ಮಣ್ಣು, ಬೀಜ, ಹುಲ್ಲುಕಡ್ಡಿ ಕಂಡರೆ ಆಗುವುದಿಲ್ಲ. ನನ್ನ ಗೋಣಿತುಂಡಿನಲ್ಲಿ ಮೂರೂ ಇದ್ದವು. ಕೈಗವಸು ತೊಟ್ಟು, ಬೆಳಕಿಗೆ ಹಿಡಿದು, ಹಾವು ಹಿಡಿದಂತೆ ಅದನ್ನು ದೂರ ಹಿಡಿದುಕೊಂಡಳು. ಗೋಣಿ ಕಸದ ಡಬ್ಬಿಗೆ ಹೋಯಿತು. ಹಿಡಿಯನ್ನು ಒದ್ದೆ ಬಟ್ಟೆಯಲ್ಲಿ ನನ್ನ ಹೆಂಡತಿ ಬೆಳ್ಳಿ ತಟ್ಟೆ ಒರೆಸುವಷ್ಟು ಶ್ರದ್ಧೆಯಿಂದ ಒರೆಸಿ, ಇದೇನು ಎಂದು ಕೇಳಿದಳು. ನನ್ನ ಇಂಗ್ಲಿಷಿನಲ್ಲಿ ಕಾರ್ ಹ್ಯಾಂಡಲ್ ಅಂದೆ. ಅವಳು ನಗುತ್ತಾ ಹೇಳಿದ್ದು ನನಗೆ ಚೆನ್ನಾಗಿಯೇ ಅರ್ಥವಾಯಿತು. ಮಿಕ್ಕ ಕಾರು ಎಲ್ಲಿ ಅಂದಿದ್ದಳು.

ಸಮುದ್ರ ದಾಟಿ ಬಂದವನಿಗೆ ಎದುರಾದ ಮೊದಲ ಪ್ರಶ್ನೆಯೇ ಅದು. ನಾನು ಬೆವತುಬಿಟ್ಟೆ. ಪಾಪ, ಅವಳು ಒಂದು ಲೋಟ ನೀರು ಕೊಟ್ಟು ಕಳಿಸಿದಳು.

ಚಿಕ್ಕಪ್ಪನ ಮಗ ಪ್ರಸನ್ನ ಸಾಫ್ಟ್‌ವೇರ್ ಎಂಜಿನಿಯರ್. ಮನೆ ಮೋರ್ಲಿಯಲ್ಲಿ. ಬರುವ ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ, ಮನೆಯಿಂದ ಬಂದ ಫೋನಿನಲ್ಲಿ ಮುಳುಗಿದ. ನಾನು ಕಿಟಕಿ ಇಳಿಸಿಕೊಂಡು, ಹಾಕುವವನು ಬರಲಿ ಎಂದು ಕಾದೆ. ಯಾರೂ ಬರಲಿಲ್ಲ. ಇಲ್ಲಿಯ ಬಂಕುಗಳಲ್ಲಿ ಕೆಲಸದವರೇ ಇರಲ್ಲ, ಸರ್ವೋಗೆ, ಅಂದ್ರೆ ಬಂಕಿಗೆ, ಬಂದ್ರೆ ನಾವೇ ಇಳಿದು ಹಾಕ್ಕೋಬೇಕು ಎಂದು ಅವನು ಆಮೇಲೆ ಹೇಳಿದ. ಮೂವತ್ತು ವರ್ಷ ಕಾರಿನ ಹೊಟ್ಟೆ ಬಗೆದವನು ಒಂದು ದಿನವೂ ಪೆಟ್ರೋಲ್ ಹಾಕಿರಲಿಲ್ಲ ಎಂದು ನನಗೆ ಗೊತ್ತಾಗಿದ್ದು ಆಗಲೇ. ಪೈಪು ಹಿಡಿದು ಮೊದಲ ಸಲ ಹಾಕಿದಾಗ ಷೂ ಮೇಲೆ ಸ್ವಲ್ಪ ಸುರಿದುಕೊಂಡೆ.

ಮೂರು ದಿನ ಒಂದೂ ಹಾರ್ನ್ ಕೇಳಲಿಲ್ಲ. ನಮ್ಮಲ್ಲಿ ಹಾರ್ನ್ ಎಂದರೆ ಮಾತು. ಬಂದೆ, ಹೋಗ್ತೀನಿ, ಸರಿ, ಎಲ್ಲ ಅದರಲ್ಲೇ. ಇಲ್ಲಿನವರು ಅದರ ಬದಲು ಬಾಯಲ್ಲೇ ಸಾರಿ ಅನ್ನುತ್ತಾರೆ. ಮೋರ್ಲಿಯ ದೊಡ್ಡ ಮಾಲ್‌ನಲ್ಲಿ ನಾನು ಮೇಲೆ ನೋಡಿಕೊಂಡು ನಡೆಯುತ್ತಾ ಒಬ್ಬನ ಕಾಲು ತುಳಿದೆ. ಆತ ಬರಿಗಾಲಲ್ಲಿದ್ದ. ಹೌದು, ಅಷ್ಟು ಹೊಳೆಯುವ ಅಂಗಡಿಗೆ ಬರಿಗಾಲಲ್ಲಿ ಬಂದಿದ್ದ, ದೇವಸ್ಥಾನಕ್ಕೆ ಬಂದವನ ಹಾಗೆ. ತುಳಿದವನು ನಾನು, ಸಾರಿ ಅಂದವನು ಅವನು. ತಳ್ಳುಗಾಡಿ ತಾಗಿಸಿಕೊಂಡ ಮುದುಕಿ ಸಾರಿ ಅಂದಳು. ನನಗಾಗಿ ಬಾಗಿಲು ತೆರೆದು ಹಿಡಿದುಕೊಂಡ ಹುಡುಗಿ ಸಾರಿ ಅಂದಳು, ಯಾಕೆಂದು ನನಗೆ ಇನ್ನೂ ಗೊತ್ತಿಲ್ಲ.

ಆ ಪದವನ್ನು ಇವರಿಂದ ಕಲಿತು ತಂಗಿಗೆ ಹೇಳಿಬಿಡೋಣವೆಂದು ಪ್ರಸನ್ನನ ಬಚ್ಚಲಲ್ಲಿ ಕನ್ನಡಿ ಮುಂದೆ ನಿಂತು ಸಾರಿ, ಸಾರಿ ಎಂದು ಅಭ್ಯಾಸ ಮಾಡಿದೆ. ಕಾಲು ತುಳಿದದ್ದಕ್ಕೆ ಸಾಲುತ್ತಿತ್ತು. ಎಂಟು ವರ್ಷಕ್ಕೆ ಸಾಲುತ್ತಿರಲಿಲ್ಲ.

ಹೊರಡುವ ದಿನ ಪ್ರಸನ್ನ ಫೋನಿನಲ್ಲಿ ಭೂಪಟ ತೋರಿಸಿದ. ಎಡತುದಿಯಲ್ಲಿ ಪರ್ತ್, ಬಲತುದಿಯಲ್ಲಿ ಬ್ರಿಸ್ಬೇನ್, ನಡುವೆ ಕೆಳಗಡೆ ಅಡಿಲೇಡ್.

“ಅಣ್ಣ, ಅಡಿಲೇಡ್ ಮಧ್ಯ ಇದೆ. ನೀನು ಮೈಸೂರಿಂದ ಹೊರಟು, ಬೆಂಗ್ಳೂರು ದಾಟಿ, ಕೋಲಾರಕ್ಕೆ ಹೋಗಿ, ತಿರುಗಾ ಬೆಂಗ್ಳೂರಿಗೆ ಬರ್ತಿದೀಯ. ಯಾರ್ ಹಾಕ್ಕೊಟ್ರು ಈ ಪ್ಲಾನು?”

ಏಜೆಂಟ್ ಅಂದೆ. ಸುಳ್ಳಿಗೆ ಇನ್ನೊಂದು ಸುಳ್ಳು.

ಬ್ರಿಸ್ಬೇನ್

ಹೆಂಡತಿಯ ತಮ್ಮ ಸುರೇಶನ ಮನೆ ಫಾರೆಸ್ಟ್ ಲೇಕ್‌ನಲ್ಲಿ. ಹೆಸರಿನ ಹಾಗೆಯೇ ನಡುವೆ ಒಂದು ಕೆರೆ, ಸುತ್ತ ಮರ, ಮರದ ಹಿಂದೆ ಮನೆಗಳು. ಎಷ್ಟು ಹಳೆಯ ಕೆರೆಯೋ ಎಂದುಕೊಂಡೆ. ಮನೆ ಕಟ್ಟುವಾಗ ಕೆರೆಯನ್ನೂ ಕಟ್ಟಿದರು ಎಂದು ಸುರೇಶ ಹೇಳಿದ. ನಮ್ಮ ಕುಕ್ಕರಹಳ್ಳಿ ಕೆರೆಯನ್ನೂ ಯಾರೋ ಕಟ್ಟಿಸಿದ್ದೇ ತಾನೆ. ನಾವು ಅದನ್ನು ಮರೆತಿದ್ದೇವೆ, ಇವರು ಇನ್ನೂ ಮರೆತಿಲ್ಲ, ಅಷ್ಟೇ ವ್ಯತ್ಯಾಸ. ಉದ್ದ ಕೊಕ್ಕಿನ ಬಿಳಿ ಹಕ್ಕಿಗಳು ಕಸದ ಡಬ್ಬಿಗೆ ತಲೆ ಹಾಕಿಕೊಂಡು ನಿಂತಿರುತ್ತವೆ. ಊರಿನಲ್ಲಾದರೆ ಅವನ್ನು ನೋಡಲು ದುರ್ಬೀನು ಹಿಡಿದು ಬರುತ್ತಿದ್ದರು.

ಸುರೇಶನ ಮನೆಯ ಮುಂದೆ ಕಾರಿನಿಂದ ಇಳಿದವನು ಅಲ್ಲೇ ನಿಂತುಬಿಟ್ಟೆ. ಅಂಗಳದಲ್ಲಿ ವನಜಳ ಕಾರು ನಿಂತಿತ್ತು.

ಬಣ್ಣ ಕೆಂಪು. ಮುಂಭಾಗದ ಲಾಂಛನ ಬೇರೆ, ಹೆಸರೂ ಬೇರೆ. ಆದರೆ ಹಿಂದಿನ ಬಾಗಿಲಿನ ಹಿಡಿಯನ್ನು ಕಿಟಕಿಯ ಅಂಚಿನಲ್ಲಿ ಕಾಣದ ಹಾಗೆ ಅಡಗಿಸಿದ್ದ ಕಾರು ಅದೊಂದೇ. ನಾನು ಕಣ್ಣು ಮುಚ್ಚಿಕೊಂಡು ಬಿಚ್ಚಬಲ್ಲ ಕಾರು ಅದೊಂದೇ.

ಆ ಅಮೆರಿಕದ ಕಂಪನಿಯ ಕತೆಯೇ ಹಾಗೆ. ಉದ್ದನೆಯ, ಭಾರದ ಕಾರುಗಳನ್ನು ಪ್ರೀತಿಯಿಂದ ಮಾಡಿತು. ಸಣ್ಣ ಕಾರು ಬೇಕಾದಾಗ ಒಮ್ಮೆ ತಾನೇ ಅವಸರದಲ್ಲಿ ಮಾಡಿ ಹೆಸರು ಕೆಡಿಸಿಕೊಂಡಿತು, ಒಮ್ಮೆ ಜಪಾನಿನವರಿಂದ, ಒಮ್ಮೆ ಕೊರಿಯಾದವರಿಂದ ತೆಗೆದುಕೊಂಡು ತನ್ನ ಹೆಸರು ಅಂಟಿಸಿತು. ಹೀಗೆ ಬಂದವುಗಳಲ್ಲಿ ಇದು ಒಳ್ಳೆಯದು. ನಮ್ಮಲ್ಲಿ ಒಂದು ಹೆಸರಿನಲ್ಲಿ ಮಾರಿದರು, ಇಲ್ಲಿ ಇನ್ನೊಂದು ಹೆಸರಿನಲ್ಲಿ. ಎರಡು ಕಡೆಯೂ ಅದು ಕಾಲೂರುವ ಹೊತ್ತಿಗೆ ಅಂಗಡಿ ಮುಚ್ಚಿ ಹೊರಟುಹೋದರು.

ಕಾರು ಸುರೇಶನ ಮಗಳು ಮೇಘಳದು. ಅವಳು ಹುಟ್ಟಿದ್ದು ಇಲ್ಲೇ. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಹೇಳುತ್ತಾಳೆ, ಇಬ್ಬರಿಗೂ ಅರ್ಥವಾಗುತ್ತದೆ. ಅಂಗಡಿಯಲ್ಲಿ ಕೆಲಸ ಮಾಡಿ ಸೇರಿಸಿದ್ದರಲ್ಲಿ ಕೊಂಡ ಕಾರು ಎರಡು ತಿಂಗಳಿಂದ ನಿಂತಿತ್ತು. ಅರ್ಧ ಗಂಟೆ ಓಡಿದರೆ ಕೆಂಪು ದೀಪ, ಹೊಗೆ. ಹತ್ತಿರದ ಗ್ಯಾರೇಜಿನವನು ಎಂಜಿನ್ನೇ ಹೋಗಿದೆ, ರಿಪೇರಿಗಿಂತ ಬಿಸಾಡುವುದು ವಾಸಿ ಅಂದಿದ್ದ. ಶನಿವಾರ ಎತ್ತಿಕೊಂಡು ಹೋಗುವವನು ಬರಬೇಕಿತ್ತು.

ಬೇರೆ ಯಾವ ಕಾರಾದರೂ ನಾನು ನೆಂಟನಾಗಿ ಸುಮ್ಮನೆ ಕಾಫಿ ಕುಡಿದುಕೊಂಡಿರುತ್ತಿದ್ದೆ. ಈ ಕಾರು ಗುಜರಿಗೆ ಹೋಗುವುದನ್ನು ಇನ್ನೊಂದು ಸಲ ನೋಡಲು ನನ್ನಿಂದಾಗುತ್ತಿರಲಿಲ್ಲ. ಬಾನೆಟ್ ಎತ್ತಿಸಿದೆ. ಸುರೇಶನ ಮನೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರ ಎರಡಿದ್ದವು, ಸ್ಪ್ಯಾನರ್ ಒಂದೂ ಇರಲಿಲ್ಲ. ಪಕ್ಕದ ಮನೆಯವರಿಂದ ತಂದೆವು. ಎಂಜಿನ್ ಸ್ಟಾರ್ಟ್ ಮಾಡಿಸಿ, ಮುಖ ಹತ್ತಿರ ಇಟ್ಟುಕೊಂಡು ಕಾದೆ. ಹತ್ತು ನಿಮಿಷವಾದರೂ ಏನೂ ಇಲ್ಲ. ಸುರೇಶ ಒಳಗೆ ಹೋದ. ಇಪ್ಪತ್ತನೇ ನಿಮಿಷಕ್ಕೆ ಬಿಸಿನೀರಿನ ಮೂತಿಯ ಹತ್ತಿರ, ನೀರಿಗೆ ಬೆರೆಸುವ ಕೂಲೆಂಟಿನ ಸಿಹಿ ವಾಸನೆ ಬಂತು. ಬೆರಳಿಟ್ಟೆ. ಕೂದಲಷ್ಟು ತೆಳ್ಳಗಿನ ಬಿರುಕು. ತಣ್ಣಗಿದ್ದಾಗ ಮುಚ್ಚಿಕೊಂಡಿರುತ್ತದೆ, ಕಾದಾಗ ಬಾಯಿ ಬಿಡುತ್ತದೆ. ಹೊರಬಿದ್ದ ನೀರು ಬಿಸಿಗೆ ಅಲ್ಲೇ ಆರಿಹೋಗುತ್ತದೆ. ಆ ಗ್ಯಾರೇಜಿನವನು ತಣ್ಣಗಿದ್ದಾಗ ನೋಡಿದ್ದಾನೆ.

ನನಗೆ ಅದು ಗೊತ್ತಿದ್ದದ್ದು ಯಾಕೆ? ವನಜಳ ಕಾರಿನಿಂದ ನಾನು ಮೊದಲು ಬಿಚ್ಚಿದ್ದು ಅದನ್ನೇ. ಎಂಟು ವರ್ಷದಿಂದ ಅದು ಎಲ್ಲಿದೆ, ಹೇಗೆ ಕೂರುತ್ತದೆ, ಎಷ್ಟು ಸ್ಕ್ರೂ ಎಂದು ಮರೆಯಲು ಪ್ರಯತ್ನಪಟ್ಟಿದ್ದೆ.

ಆ ಮೂತಿಯನ್ನು ಮೇಘ ಫೋನಿನಲ್ಲೇ ಹುಡುಕಿ ತರಿಸಿದಳು. ಮೂರನೇ ದಿನಕ್ಕೆ ಪೋಸ್ಟಿನಲ್ಲಿ ಬಂತು. ಮೂರನೇ ದಿನಕ್ಕೆ. ಮುಂದಿನ ವಾರ ಹಾಕಿದರಾಯಿತು ಎಂದು ಬಿಟ್ಟಿದ್ದ ಸಾಮಾನು ಅದು.

ಕೂರಿಸಿದ್ದು ಒಂದು ಗಂಟೆಯ ಕೆಲಸ. ಇಂಥ ಬಿರುಬಿಸಿಲು ಇಳಿಯುವವರೆಗೂ ಬೇಡ, ಅರ್ವೋದಲ್ಲಿ ನೋಡೋಣ ಎಂದು ಸುರೇಶ ಹೇಳಿದ. ಅರ್ವೋ ಎಂದರೆ ಇವರ ಭಾಷೆಯಲ್ಲಿ ಮಧ್ಯಾಹ್ನದ ಮೇಲೆ. ಪರೀಕ್ಷೆ ಮಾಡಬೇಕಾದ್ದು ಬಿಸಿಲಿನಲ್ಲೇ ಅಂದೆ. ಮೇಘ ಓಡಿಸಿದಳು, ನಾನು ಪಕ್ಕದಲ್ಲಿ ಕೂತೆ. ಎಸಿ ಹಾಕಿಸಿದೆ, ಕೆರೆಯ ಸುತ್ತ ಐದು ಸುತ್ತು ಹೊಡೆಸಿದೆ, ಆಮೇಲೆ ದೊಡ್ಡ ರಸ್ತೆಗೆ ಇಳಿಸಿದೆ. ಅರ್ಧ ಗಂಟೆಯಾಯಿತು. ಮುಕ್ಕಾಲು ಗಂಟೆಯಾಯಿತು. ಕೆಂಪು ದೀಪ ಬರಲಿಲ್ಲ. ಒಂದು ದಿಬ್ಬದ ಮೇಲೆ ದೊಡ್ಡದೊಂದು ಪಿಕಪ್ ಗಾಡಿ ಮುಂದೆ ಏದುತ್ತಿತ್ತು. ಹಿಂದೆ ಹಾಕು ಅಂದೆ. ಆ ಪುಟ್ಟ ಕಾರು ಅದನ್ನು ಹಿಂದೆ ಹಾಕಿ ದಿಬ್ಬ ಹತ್ತಿದಾಗ ಮೇಘ ಸ್ಟಿಯರಿಂಗ್ ಬಡಿದು ಕೂಗಿದಳು. ನಾನೂ ಕೂಗಿದೆ. ಆಗ ನೋಡಿಕೊಂಡರೆ ನನ್ನ ಎಡಗೈ ಬಾಗಿಲ ಮೇಲಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಅಮ್ಮ ಹಿಡಿಯುತ್ತಿದ್ದ ಹಾಗೆಯೇ.

ಮನೆಗೆ ಬಂದವಳು ಅಪ್ಪನಿಗೆ ಹೇಳಿದಳು, “ಮಾಮ ಈಸ್ ಅ ಲೆಜೆಂಡ್, ಡ್ಯಾಡ್. ಶನಿವಾರ ಬರೋರಿಗೆ ಬರ್ಬೇಡಿ ಅನ್ನು.” ಅವಳ ಬಾಯಿಂದ ನಾನು ಕೇಳಿದ ಅತಿ ಉದ್ದದ ಕನ್ನಡ ಅದೇ.

ಸುರೇಶ ಆ ವೀಡಿಯೊವನ್ನು ಕನ್ನಡದವರ ವಾಟ್ಸಾಪ್ ಗುಂಪಿಗೆ ಹಾಕಿದ. ಗುಜರಿಗೆ ಹೊರಟ ಕಾರನ್ನು ಎಬ್ಬಿಸಿದ ಮೈಸೂರಿನ ಮೇಸ್ತ್ರಿ ಎಂದು ಅದು ಊರೂರು ತಿರುಗಿ ಅಡಿಲೇಡ್ ಮುಟ್ಟಿತು. ವನಜ ಹೆಮ್ಮೆಯಿಂದ ಫೋನ್ ಮಾಡಿದಳು. ನಮ್ಮಣ್ಣ ನನ್ನ ಕಾರನ್ನೇ ಎಂಟು ವರ್ಷ ಓಡಿಸಿಟ್ಟಿದ್ದಾನೆ, ಇದೇನು ಮಹಾ ಎಂದು ಎಲ್ಲರಿಗೂ ಹೇಳಿದ್ದೇನೆ ಅಂದಳು. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಊಟ ಮಾಡಿದೆಯಾ ಎಂದು ಕೇಳಿ ಫೋನಿಟ್ಟೆ.

ಅಡಿಲೇಡ್, ಮೊದಲ ದಿನಗಳು

ವನಜ ಬಾಡಿಗೆಗಿರುವ ಮನೆ ಬೆಡ್‌ಫರ್ಡ್ ಪಾರ್ಕ್‌ನಲ್ಲಿ, ಅವಳು ಕೆಲಸ ಮಾಡುವ ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ. ಎಂಟು ವರ್ಷದಲ್ಲಿ ಕೂದಲು ಅಲ್ಲಲ್ಲಿ ಬೆಳ್ಳಗಾಗಿದೆ. ನಡಿಗೆ ಥೇಟ್ ಅಮ್ಮನದೇ. ಡಯಾಲಿಸಿಸ್ ವಿಭಾಗದಲ್ಲಿ ಅವಳ ಕೈಕೆಳಗೆ ಹನ್ನೆರಡು ಜನ ಇದ್ದಾರೆ. ಅವಳು ಕಾರಿಡಾರಿನಲ್ಲಿ ಹೋಗುತ್ತಿದ್ದರೆ ಡಾಕ್ಟರುಗಳೂ ಪಕ್ಕಕ್ಕೆ ಸರಿಯುವುದನ್ನು ನಾನು ಕಣ್ಣಾರೆ ನೋಡಿದೆ. ಅವರೂ ಸಾರಿ ಅನ್ನುತ್ತಾರೆ.

ಪಕ್ಕದ ಮನೆಯ ಕೆನ್ ಎಂಬ ಮುದುಕ ನನ್ನ ವಿಷಯ ಕೇಳಿ ಬೇಲಿಯ ಹತ್ತಿರ ಕಾಯುತ್ತಿದ್ದ. ಈ ನಗರದ ಉತ್ತರದ ತುದಿಯಲ್ಲಿ ಆ ಅಮೆರಿಕದ ಕಂಪನಿಗೆ ಸೇರಿದ ಕಾರ್ಖಾನೆ ಇತ್ತು. ಮುಚ್ಚುವವರೆಗೆ ಆತ ಅಲ್ಲಿ ಬಾಗಿಲು ಕೂರಿಸುವ ಕೆಲಸ ಮಾಡಿದವನು. ಷೆಡ್ಡಿನೊಳಗೆ ಕರೆದುಕೊಂಡು ಹೋಗಿ ಹಾಸಿಗೆಯಷ್ಟು ಉದ್ದದ ಒಂದು ಕಾರಿನ ಮೇಲಿಂದ ಬಟ್ಟೆ ತೆಗೆದ. ಅವನೇ ಬಾಗಿಲು ಕೂರಿಸಿದ ಕಾರು.

ವನಜ ನಡುವೆ ನಿಂತು ಅವನ ಮಾತನ್ನು ನನಗೆ, ನನ್ನ ಮಾತನ್ನು ಅವನಿಗೆ ಹೇಳುತ್ತಿದ್ದಳು. ಕಂಪನಿಯವರಿಗೆ ಸಣ್ಣ ಕಾರು ಮಾಡಲು ಬರುತ್ತಿರಲಿಲ್ಲವೇ ಎಂದು ಕೇಳಿಸಿದೆ. ಬರುತ್ತಿತ್ತು ಅಂದ. ಪೆಟ್ರೋಲ್ ಬೆಲೆ ಏರಿದಾಗ ದೊಡ್ಡವರಿಗೆ ಸಣ್ಣ ಕಾರು ನೆನಪಾಗುತ್ತಿತ್ತು, ಇಳಿದಾಗ ಮರೆತುಹೋಗುತ್ತಿತ್ತು. ದೊಡ್ಡದಕ್ಕೆ ಏನಾದರೂ ಕಮ್ಮಿ ಬಿದ್ದರೆ ಸಣ್ಣದರ ಪಾಲಿನಿಂದ ತೆಗೆಯುತ್ತಿದ್ದರು, ಅದು ಸಣ್ಣದು ತಾನೆ, ಕಾಯುತ್ತದೆ ಎಂದು. ಕಾಯುವವರು ಒಂದು ದಿನ ಬೇರೆಯವರ ಕಾರು ಕೊಂಡರು. ಅಷ್ಟೇ ಕತೆ ಅಂದ.

ಸಣ್ಣದು ತಾನೆ, ಕಾಯುತ್ತದೆ. ಆ ಮಾತನ್ನು ಕನ್ನಡಕ್ಕೆ ತಿರುಗಿಸಿ ನನಗೆ ಹೇಳಿದ್ದು ನನ್ನ ತಂಗಿ. ಅವಳ ಮುಖ ನೋಡಲಾಗದೆ ನಾನು ಬಾಗಿಲಿನ ಕೀಲು ನೋಡಿದೆ. ಕೂದಲೆಳೆಯಷ್ಟೂ ಸಂದಿಲ್ಲದ ಹಾಗೆ ಕೂರಿಸಿದ್ದ.

ಕೆನ್ ಇನ್ನೊಂದು ಮಾತು ಹೇಳಿದ. ವನಜ ನಗುತ್ತಾ ತಿರುಗಿಸಿದಳು.

“ಪ್ರತಿ ಭಾನುವಾರ ಬೆಳಿಗ್ಗೆ ಇದನ್ನ ಸ್ಟಾರ್ಟ್ ಮಾಡ್ತಾನಂತೆ, ಒಂದ್ ವಾರಾನೂ ತಪ್ಪಿಸಿಲ್ವಂತೆ. ನಮ್ಮಣ್ಣನೂ ಹಂಗೇ ಅಂತ ಹೇಳ್ದೆ.”

ಮುದುಕ ನನ್ನ ಕೈ ಹಿಡಿದು ಜೋರಾಗಿ ಕುಲುಕಿದ. ಎಣ್ಣೆ ಕೂತ ಬೆರಳುಗಳು, ನನ್ನವೇ ಥರ. ನನ್ನ ಕೈಯನ್ನು ಅವನಿಗೆ ಕೊಡಲು ನಾಚಿಕೆಯಾಯಿತು.

ಅಡಿಲೇಡ್, ಭಾನುವಾರ

ಬೆಳಿಗ್ಗೆ ಪಕ್ಕದ ಷೆಡ್ಡಿನಲ್ಲಿ ಎಂಜಿನ್ ಗುಡುಗಿತು. ಹಾಸಿಗೆಯ ಮೇಲೆ ಎದ್ದು ಕೂತು ಕೇಳಿದೆ. ಎಲ್ಲ ಸಿಲಿಂಡರುಗಳೂ ಒಂದೇ ಸಮನೆ ಹೊಡೆಯುತ್ತಿದ್ದವು. ಸಾಕಿದವನ ಕೈ ಗೊತ್ತಾಗುತ್ತಿತ್ತು. ಇವತ್ತೇ ಅಂದುಕೊಂಡೆ. ಬುಧವಾರ ನಮ್ಮಿಬ್ಬರ ವಿಮಾನ.

ಮಧ್ಯಾಹ್ನ ಬೆಡ್‌ಫರ್ಡ್ ಪಾರ್ಕ್‌ನ ಯೂನಿವರ್ಸಿಟಿಯ ಒಂದು ಹಾಲಿನಲ್ಲಿ ಕನ್ನಡದವರ ಊಟವಿತ್ತು. ಆಸ್ಪತ್ರೆಯ ಡಾಕ್ಟರುಗಳು, ಎಂಜಿನಿಯರುಗಳು, ಅವರ ಮಕ್ಕಳು ಸೇರಿ ನಲವತ್ತು ಜನ. ಬಿಸಿಬೇಳೆಬಾತು ಮಾಡಿದ್ದವರು ಹೃದಯದ ಡಾಕ್ಟರು. ಉಪ್ಪು ಬೇಕೋ ಬೇಡವೋ ಎಂದು ಕೇಳಿಕೊಂಡು ಬಡಿಸುತ್ತಿದ್ದರು, ಅವರೇ ಬೇಡ ಅನ್ನುತ್ತಿದ್ದರು. ನನ್ನ ಹಿಂದೆ ಒಂದು ಮೇಜಿನ ಮೇಲೆ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಇರುವುದನ್ನು ನಾನು ನೋಡಿರಲಿಲ್ಲ. ಊಟವಾದ ಮೇಲೆ ನನ್ನ ಹೆಸರು ಕೂಗಿದರು. ನೋಡುವುದರೊಳಗೆ ಹೆಗಲ ಮೇಲೆ ಶಾಲು, ತಲೆಯ ಮೇಲೆ ಪೇಟ. ಹೃದಯದ ಡಾಕ್ಟರು ಮೈಕಿನಲ್ಲಿ ಹೇಳಿದರು: ಅಮೆರಿಕದ ಕಂಪನಿ ಕೈಬಿಟ್ಟ ಕಾರನ್ನು ಮೈಸೂರಿನ ಅಣ್ಣ ಕೈಬಿಡಲಿಲ್ಲ.

ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ವನಜ ಎಲ್ಲರಿಗಿಂತ ಜೋರಾಗಿ ಹೊಡೆಯುತ್ತಿದ್ದಳು. ಮೈಕು ನನ್ನ ಕೈಗೆ ಬಂತು.

ಜೀವನದಲ್ಲಿ ನಾನು ಮೈಕು ಹಿಡಿದದ್ದು ಅದೇ ಮೊದಲು. ಶುರುವಿನಲ್ಲಿ ಬ್ರಿಸ್ಬೇನಿನ ಕಾರಿನ ಬಗ್ಗೆ ಹೇಳಿದೆ, ಬಿರುಕಿನ ಬಗ್ಗೆ ಹೇಳಿದೆ. ಜನ ನಕ್ಕರು. ಅಲ್ಲಿಗೇ ನಿಲ್ಲಿಸಿ ಇಳಿಯಬಹುದಿತ್ತು. ಆದರೆ ಆ ಬಿರುಕು ನಿಮಗೆ ಹೇಗೆ ಗೊತ್ತಾಯಿತು ಅಂಕಲ್ ಎಂದು ಹಿಂದಿನಿಂದ ಒಬ್ಬ ಹುಡುಗಿ ಕೇಳಿದಳು.

ಪೇಟ ತೆಗೆದು ಮೇಜಿನ ಮೇಲಿಟ್ಟೆ. ಶಾಲು ಮಡಿಸಿ ಅದರ ಪಕ್ಕದಲ್ಲಿಟ್ಟೆ. ಆಮೇಲೆ ಹೇಳಿದೆ. ನೀರಿನ ಮೂತಿಯಿಂದ ಶುರು ಮಾಡಿ ಬ್ಯಾಟರಿ, ಟೈರು, ಹೆಡ್‌ಲೈಟು, ಕನ್ನಡಿ, ಬಾಗಿಲು, ಯಾವುದು ಯಾರಿಗೆ ಹೋಯಿತು ಎಂಬುದನ್ನೆಲ್ಲ ಒಂದೂ ಬಿಡದೆ ಹೇಳಿದೆ. ವೀಡಿಯೊದಲ್ಲಿದ್ದ ಕಾರು ಯಾರದೆಂದು ಹೇಳಿದೆ. ಗುಜರಿಯವನು ತಗಡು ಎತ್ತಿಕೊಂಡು ಹೋದ ದಿನದ ಬಗ್ಗೆ ಹೇಳಿದೆ. ಎಂಟು ವರ್ಷದಲ್ಲಿ ಒಬ್ಬರಿಗೂ ಹೇಳದ್ದು ನಲವತ್ತು ಜನರ ಮುಂದೆ ತಾನಾಗಿ ಬಂತು. ಒಂದೊಂದು ಸಾಮಾನು ಹೇಳಿದಂತೆಯೂ ಎದೆಯ ಮೇಲಿಂದ ಒಂದೊಂದು ಭಾರ ಇಳಿಯುತ್ತಿತ್ತು. ನಾಚಿಕೆಯ ಜೊತೆಗೇ, ಆ ದಿಬ್ಬ ಹತ್ತಿದಾಗ ಆದಂಥ ಒಂದು ಗೆಲುವೂ ಇತ್ತು. ಬರೆಯಲು ಸಂಕೋಚವಾಗುತ್ತದೆ, ಆದರೆ ನಿಜ.

ವನಜ ಎದ್ದು ನಿಂತಿದ್ದಳು. ಹೊರಗೆ ಹೋಗುತ್ತಾಳೆ ಅಂದುಕೊಂಡೆ. ಅವಳು ನೇರವಾಗಿ ನನ್ನ ಹತ್ತಿರ ಬಂದಳು. ನಾನು ಜೇಬಿನಿಂದ ಆ ಹಿಡಿಯನ್ನು ತೆಗೆದು ಕೊಟ್ಟೆ. ಎರಡು ಸ್ಕ್ರೂಗಳೂ ಅದರಲ್ಲೇ ಇದ್ದವು. ಅವಳು ಅದನ್ನು ತಿರುಗಿಸಿ ನೋಡಿದಳು. ಬೆರಳುಗಳನ್ನು ಅಮ್ಮ ಹಿಡಿಯುತ್ತಿದ್ದ ಹಾಗೆ ಅದರ ಸುತ್ತ ಮಡಚಿದಳು. ಆಮೇಲೆ ನನ್ನನ್ನು ನೋಡಿ, ಮೈಕಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದಳು.

“ಇಷ್ಟ್ ಹೊತ್ತು ಕಾರಿನ ವಿಷಯ ಹೇಳ್ದೆ ಅಣ್ಣ. ಈಗ ನನ್ನ ವಿಷಯಕ್ಕೆ ಬಾ.”

ನಾನು ಮೈಕು ಕೆಳಗಿಟ್ಟೆ. ಪರ್ತ್‌ನ ಬಚ್ಚಲಲ್ಲಿ ಕಲಿತ ಪದ ಬಾಯಿಗೆ ಬರಲಿಲ್ಲ. ಬಂದದ್ದು ನಮ್ಮದೇ ಮಾತು. ಅದನ್ನು ನಾನು ಕೊನೆಯ ಸಲ ಹೇಳಿದ್ದು ಏಳನೇ ಕ್ಲಾಸಿನ ಮೇಷ್ಟ್ರಿಗೆ, ಕಿವಿ ಹಿಡಿದುಕೊಂಡು. ಈ ಸಲ ಕೈ ಕೆಳಗೆ ಬಿ‌ಟ್ಟುಕೊಂಡು, ಅವಳ ಮುಖ ನೋಡಿಕೊಂಡೇ ಹೇಳಿದೆ.

“ತಪ್ಪಾಯ್ತು ಕಣಮ್ಮ ವನಜ. ನೀನು ನಂಬ್ಕೊಂಡಿದ್ದೆ. ನೀನು ಚಿಕ್ಕೋಳು, ದೂರ ಇದೀಯ, ಗೊತ್ತಾಗಲ್ಲ ಅಂತ ಎಂಟು ವರ್ಷ ನಿನಗೆ ಸುಳ್ಳು ಹೇಳ್ದೆ. ನಂದೇ ತಪ್ಪು. ತಪ್ಪಾಯ್ತು.”